ಒಂದೇ ಸಲ ಒತ್ತುವ ಬಟನ್

ಅಕೌಂಟ್ಸ್ ವಿಭಾಗದ ಹೇಮಲತಾ ಮೇಡಂ ಅವರಿಗೆ ಯಾವುದನ್ನೂ ಒಂದೇ ಸಲ ಒತ್ತಿ ಗೊತ್ತಿಲ್ಲ. ಲಿಫ್ಟಾಗಲಿ, ಯಾರದೋ ಮನೆಯ ಕಾಲಿಂಗ್ ಬೆಲ್ಲಾಗಲಿ, ಎರಡು ಸಲ ಒತ್ತಿದರೇ ಅವರ ಮನಸ್ಸಿಗೆ ನೆಮ್ಮದಿ. ಆ ಶುಕ್ರವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಆಫೀಸಿನ ತಿಂಡಿಗೆ ಆರ್ಡರ್ ಕೊಡುವಾಗಲೂ ಹಾಗೇ ಮಾಡಿದರು. ವೈಟ್‌ಫೀಲ್ಡಿನ ಆ ಪುಟ್ಟ ಸಾಫ್ಟ್‌ವೇರ್ ಕಂಪನಿಗೆ ಇಡ್ಲಿ ಬಂತು. ಪೊಟ್ಟಣ ಬಿಚ್ಚುವಷ್ಟರಲ್ಲಿ ಮತ್ತೆ ಅಷ್ಟೇ ಇಡ್ಲಿ ಬಂತು. ಮೀಟಿಂಗ್ ರೂಮಿನ ಮೇಜಿನ ಮೇಲೂ ಸಾಂಬಾರಿನ ಡಬ್ಬಿಗಳು ಕೂತವು.

ಇದಕ್ಕೆಲ್ಲ ಹೊಣೆ ಯಾರು ಅಂದರೆ, ಒತ್ತಿದವರಲ್ಲ, ಬಟನ್ ಮಾಡಿದ ರೇವಣಸಿದ್ದ.

ಪಾಪ, ಅವನು ಮಾಡಿದ್ದು ಒಳ್ಳೆಯ ಕೆಲಸವೇ. ಮೊದಲು ಆ ಕಂಪನಿಯಲ್ಲಿ ಒಬ್ಬೊಬ್ಬರೂ ತಮಗೆ ತೋಚಿದ ಹಾಗೆ ಬಟನ್ ಬರೆದುಕೊಳ್ಳುತ್ತಿದ್ದರು. ಒಂದು ಪುಟದಲ್ಲಿ ನೀಲಿ, ಇನ್ನೊಂದರಲ್ಲಿ ತಿಳಿನೀಲಿ, ಮತ್ತೊಂದರಲ್ಲಿ ಒಗೆದು ಒಗೆದು ಬಣ್ಣ ಹೋದ ಲುಂಗಿಯ ನೀಲಿ. ರೇವಣಸಿದ್ದ ಕೂತು ಎಲ್ಲರಿಗೂ ಆಗುವಂಥ ಒಂದೇ ಬಟನ್ ಕಾಂಪೊನೆಂಟ್ ತಯಾರಿಸಿದ. ಬೇಕಾದವರು ತಮ್ಮ ಪುಟದಲ್ಲಿ ಒಂದು ಸಾಲು ಬರೆದರೆ ಸಾಕು, ಬಟನ್ ಸಿದ್ಧ. ಮೂಲದಲ್ಲಿ ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದ ಹಾಗೆ. ಆಫೀಸಿನ ತಿಂಡಿಯ ಪುಟದಿಂದ ಹಿಡಿದು ಗಿರಾಕಿಗಳಿಗೆ ಮಾರಿದ ಸಾಫ್ಟ್‌ವೇರಿನವರೆಗೆ ಅದೇ ಬಟನ್ ಸೇರಿಕೊಂಡಿತು. ವಠಾರಕ್ಕೆಲ್ಲ ಒಂದೇ ಬೋರ್‌ವೆಲ್ ಇದ್ದ ಹಾಗೆ ಅನ್ನಿ. ಆದರೆ ಬೋರ್‌ವೆಲ್ ಕೊರೆಸಿದವನಿಗೆ ವಠಾರದವರೆಲ್ಲ ಬುದ್ಧಿ ಹೇಳುತ್ತಾರೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಮ್ಯಾನೇಜರ್ ಸಿದ್ದಾರ್ಥ್ ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ ಬಂದರು.

"ರೇವಣ್ಣ, ಒಂದ್ಸಲ ಒತ್ತಿದ್ಮೇಲೆ ಬಟನ್ ಸತ್ತೋಗ್ಬೇಕು ಕಣಪ್ಪ. ಮತ್ತೆ ಒತ್ತಿದ್ರೆ ಅಲ್ಲಾಡ್ಬಾರ್ದು. ಇವತ್ತೇ ಆಗ್ಬೇಕು."

"ಸಾರ್, ಶುಕ್ರವಾರ ಹೊಸದೇನೂ ಬಿಡಬಾರ್ದು ಅಂತ ನೀವೇ ರೂಲ್ ಮಾಡಿದ್ರಿ."

"ಇದೇನ್ ಹೊಸದಾ? ಬಟನ್ ತಾನೆ!"

ರೇವಣಸಿದ್ದ ಗಡಿಯಾರ ನೋಡಿದ. ಅಂದು ಸಂಜೆ ಐದಕ್ಕೆ ಮಾದನಾಯಕನಹಳ್ಳಿಯಲ್ಲಿ ಅವನು ಹೆಣ್ಣು ನೋಡಬೇಕಿತ್ತು. ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ಪಯಣ. ಆಫೀಸು ಬಿಡುವುದು ತಡವಾಗಿ ಈಗಾಗಲೇ ಎರಡು ಸಂಬಂಧ ಕೈತಪ್ಪಿದ್ದವು. ನೋಡಲಿಕ್ಕೇ ಬಿಡುವಿಲ್ಲದವನು ಸಂಸಾರ ಏನು ಮಾಡಿಯಾನು ಎಂದು ಎರಡನೆಯವರು ಹೇಳಿ ಕಳಿಸಿದ್ದರು. ಆಗ ಅವನಿಗೆ ಅಷ್ಟೇನೂ ಅನ್ನಿಸಿರಲಿಲ್ಲ. ಈ ಸಲದ ಮಾತೇ ಬೇರೆ. ಫೋಟೊದಲ್ಲಿ ಹುಡುಗಿ ಭಾಗ್ಯಶ್ರೀ ಕ್ಯಾಮೆರಾ ಬಿಟ್ಟು ಪಕ್ಕದಲ್ಲಿ ಯಾರನ್ನೋ ನೋಡಿ ನಗುತ್ತಿದ್ದಳು. ಆ ನಗುವಿಗೆ ಕಾರಣವೇನೆಂದು ಅವನು ವಾರವಿಡೀ ತಲೆ ಕೆಡಿಸಿಕೊಂಡಿದ್ದ. ಈ ಸಂಬಂಧ ತಪ್ಪಿದರೆ ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಸರಿಯಾದ ದಾರಿ ಅವನಿಗೆ ಗೊತ್ತಿತ್ತು. ಈ ಸಾಯುವ ಗುಣವನ್ನು ಕೇಳಿದ ಪುಟಕ್ಕೆ ಮಾತ್ರ ಕೊಡಬೇಕು, ಉಳಿದವರ ಬಟನ್ ಇದ್ದ ಹಾಗೇ ಇರಬೇಕು. ಹಾಗೆಯೇ ಶುರುಮಾಡಿದ. ಅಷ್ಟರಲ್ಲಿ ವಿನ್ಯಾಸ ನೋಡಿಕೊಳ್ಳುವ ಶಾಂಭವಿ ಕುರ್ಚಿ ಎಳೆದುಕೊಂಡು ಬಂದಳು.

"ಹೆಂಗೂ ಅದಕ್ಕೆ ಕೈ ಹಾಕಿದೀಯಲ್ಲ, ಮೂಲೆ ಒಂಚೂರು ರೌಂಡ್ ಮಾಡ್ಬಿಡೋ."

ಮಾಡಿದ.

"ಅಯ್ಯೋ, ಒಳ್ಳೆ ಮಾತ್ರೆ ಥರ ಆಯ್ತು. ಕಮ್ಮಿ ಮಾಡು."

ಕಮ್ಮಿ ಮಾಡಿದ.

"ಮೊದ್ಲಿದ್ದಿದ್ದೇ ಚೆನ್ನಾಗಿತ್ತು, ಅಲ್ವಾ?"

ಮೊದಲಿನಂತೆ ಮಾಡುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ಹೇಮಲತಾ ಮೇಡಂ ಬಂದು, ಸತ್ತ ಬಟನ್ ಕಪ್ಪಗಿರಬೇಕು ಎಂದರು. ಕಪ್ಪು ಬೇಡ, ಬೂದು ಬಣ್ಣವಿರಲಿ ಎಂದು ಸಿದ್ದಾರ್ಥ್ ಆಚೆಯಿಂದ ಕೂಗಿದರು. ಅದೇ ಹೊತ್ತಿಗೆ ತಾಯಿ ಶೇಖವ್ವನ ಫೋನು.

"ಯಪ್ಪಾ, ನಾನೂ ನಿಮ್ಮ ಮಾವಾನೂ ಹೆಣ್ಣಿನವರ ಮನೀಗೆ ಹೊಂಟೀವಿ. ನೀ ಎಲ್ಲಿದ್ದಿ?"

"ಮೆಟ್ರೋದಾಗ ಅದೀನವ್ವಾ," ಎಂದ ರೇವಣಸಿದ್ದ, ಕುರ್ಚಿಯಲ್ಲಿ ಕೂತೇ.

ಕೇಳಿದವರಿಗೆ ಮಾತ್ರ ಎಂಬ ಭಾಗ ಇನ್ನೂ ಅರ್ಧದಲ್ಲಿತ್ತು. ಅದನ್ನು ಮುಗಿಸಿ, ಒಂದೊಂದು ಪುಟವನ್ನೂ ಒತ್ತಿ ನೋಡಿ ಹೊರಡಬೇಕೆಂದರೆ ಕತ್ತಲಾಗುತ್ತದೆ. ಅಷ್ಟನ್ನೂ ಅಳಿಸಿಬಿಟ್ಟ. ಎಲ್ಲರಿಗೂ ಒಂದೇ ನ್ಯಾಯ ಇರಲಿ ಎಂದು, ಇದ್ದಬದ್ದ ಬಟನ್ನುಗಳೆಲ್ಲ ಒಂದೇ ಏಟಿಗೆ ಸಾಯುವಂತೆ ಮಾಡಿ ಬಿಡುಗಡೆ ಮಾಡಿದ. ತಿಂಡಿಯ ಪುಟದಲ್ಲಿ ಒಮ್ಮೆ ಒತ್ತಿ ನೋಡಿದ. ಬಟನ್ ಬೂದು ಬಣ್ಣಕ್ಕೆ ತಿರುಗಿ ತಣ್ಣಗೆ ಮಲಗಿತು. ಶಾಂಭವಿ ಮತ್ತೆ ಕರೆಯದಿರಲೆಂದು ಫೋನನ್ನು ಸೈಲೆಂಟಿಗೆ ಹಾಕಿ, ಬ್ಯಾಗು ಹೆಗಲಿಗೇರಿಸಿ ಓಡಿದ. ಮೂರನೆಯ ಸಲ ಇಡ್ಲಿ ಬರುವ ಹೊತ್ತಿಗೆ ಅವನು ಅಲ್ಲಿರಲಿಲ್ಲ.

ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಮಾದಾವರದಲ್ಲಿ ಇಳಿದು ಆಟೋ ಹಿಡಿದ. ತುಮಕೂರು ರಸ್ತೆಯ ಬದಿಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

"ಯಾವ್ದೋ ಗೋಡೌನಲ್ಲಿ ಲಾರಿ ಬಿಡ್ತಿಲ್ವಂತೆ ಸಾರ್," ಎಂದ ಆಟೋದವನು.

ಯಾರ ಕೆಲಸ ಕೆಟ್ಟಿತೋ ಪಾಪ, ಎಂದು ರೇವಣಸಿದ್ದ ಮರುಗಿದ.

ಐದಕ್ಕೆ ಮುಂಚೆಯೇ ಅವನು ಹುಡುಗಿಯ ತಂದೆ ಚನ್ನವೀರಪ್ಪನವರ ಮನೆಯ ಮೆಟ್ಟಿಲು ಹತ್ತಿದ. ಶೇಖವ್ವನ ಮುಖ ಅರಳಿತು. ಸೋದರಮಾವ ಕೊಟ್ರಪ್ಪ "ನೋಡ್ರಿ, ನಮ್ಮ ಹುಡುಗ ಹೆಂಗ ಹೊತ್ತಿಗೆ ಸರಿಯಾಗಿ ಬಂದ!" ಎಂದು ಮೀಸೆ ತಿರುವಿದ. ಆದರೆ ಉಪ್ಪಿಟ್ಟಿನ ತಟ್ಟೆ ಕೊಟ್ಟ ಚನ್ನವೀರಪ್ಪನವರ ಮುಖವೇ ಬಾಡಿತ್ತು.

"ತಪ್ಪು ತಿಳಕೋಬ್ಯಾಡ್ರಿ. ಹುಡುಗಿ ಇನ್ನೂ ಬಂದಿಲ್ಲ. ಗೋದಾಮಿನಾಗ ಲಾರಿ ಕಳಸೂ ಕೆಲಸ ಅಕೀದು. ಒಂದೊಂದು ಲಾರಿಗೂ ಕಂಪ್ಯೂಟರಿನಾಗ ಅದ ಒಂದ ಬಟನ್ ಒತ್ತಬೇಕಂತ. ಇವತ್ತು ಒಂದು ಲಾರಿಗೆ ಒತ್ತಿದ ಕೂಡ್ಲೆ ಅದು ಬೂದಿ ಬಣ್ಣ ಆಗಿ ಕುಂತದಂತ. ಆ ಲಾರಿ ಹೋತು, ಉಳಿದಾವೆಲ್ಲಾ ಅಲ್ಲೇ ನಿಂತಾವ."

ಬಾಯಿಗೆ ಹೊರಟಿದ್ದ ರೇವಣಸಿದ್ದನ ಚಮಚವೂ ಅಲ್ಲೇ ನಿಂತಿತು. ಜೇಬಿನಿಂದ ಫೋನು ತೆಗೆದ. ಪರದೆಯ ತುಂಬ ಸಿದ್ದಾರ್ಥ್ ಮಾಡಿದ ಕರೆಗಳೇ.

"ಅಂಥಾ ಬಟನ್ ಮಾಡಿದಾವಗ ಹೆತ್ತವರು ಬುದ್ಧಿ ಹೇಳಿಲ್ಲೇನು?" ಎಂದು ಶೇಖವ್ವ ಹೆಣ್ಣಿನವರ ಪರವಾಗಿ ಸಿಟ್ಟಾದಳು.

ಅವನು ಮೂಲೆಗೆ ಸರಿದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ. ಕೊಟ್ರಪ್ಪ ಹಿಂದೆಯೇ ಬಂದು ಬಗ್ಗಿದ. "ಏನ ಮಾಡಾಕತ್ತಿಯೋ ಅಳಿಯಾ? ಹೆಣ್ಣಿನವರ ಮನ್ಯಾಗೂ ಕೆಲಸಾನ?"

"ಮಾವಾ, ಆ ಬಟನ್ ನಂದ. ಸರಿ ಮಾಡಾಕತ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ, ಯಾರ ಮುಂದೂ ಅನಬ್ಯಾಡ."

ಬೆವರುತ್ತ ಬೆವರುತ್ತ ಹಳೆಯ ಬಟನ್ನನ್ನು ಮತ್ತೆ ಜೀವಂತ ಮಾಡಿದ. ಸ್ವಲ್ಪ ಹೊತ್ತಿಗೆ ಚನ್ನವೀರಪ್ಪನವರ ಫೋನು ಬಡಿದುಕೊಂಡಿತು. ಎಲ್ಲರಿಗೂ ಕೇಳಲೆಂದು ಅವರು ಸ್ಪೀಕರ್ ಹಾಕಿದರು.

"ಅಪ್ಪಾ, ಬಟನ್ ಸರಿ ಆತು! ಲಾರಿ ಹೊಂಟಾವ!" ಭಾಗ್ಯಶ್ರೀಯ ದನಿ ಫೋಟೊದ ನಗುವಿನಷ್ಟೇ ಚೆನ್ನಾಗಿತ್ತು. ರೇವಣಸಿದ್ದ ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟ. ಗಂಡಾಂತರ ಕಳೆಯಿತು ಎಂದು ಮನದಲ್ಲೇ ಕೈ ಮುಗಿದ.

ಅಳಿಯನ ಹೆಚ್ಚುಗಾರಿಕೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಯಾವ ಮಾವನಿಂದ ಸಾಧ್ಯ?

"ಆಗದ ಏನವ್ವಾ!" ಎಂದು ಕೊಟ್ರಪ್ಪ ಫೋನಿಗೆ ಬಾಯಿಟ್ಟು ಕೂಗಿದ. "ಇಲ್ಲೇ ಕುಂತು ನಮ್ಮ ಹುಡುಗ ಸರಿ ಮಾಡ್ಯಾನ! ಆ ಬಟನ್ ಮಾಡಿದಾವನ ಇವ!"

ಶೇಖವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ಹಂಗೇನು?" ಎಂದಳು ಭಾಗ್ಯಶ್ರೀ. "ಅಪ್ಪಾ, ಅವರನ್ನ ಅಲ್ಲೇ ಕುಂದ್ರಸ್ರಿ, ಎಲ್ಲಿಗೂ ಬಿಡಬ್ಯಾಡ್ರಿ. ಈಗ ಬರ್ತೀನಿ. ಲಾರಿ ಡ್ರೈವರ್‌ಗಳೆಲ್ಲಾ ಇಲ್ಲೇ ನಿಂತು ಫೋನಿನಾಗ ಕೇಳಿಸ್ಕೊಂಡಾರ. ಅವರೂ ಹುಡುಗನ್ನ ನೋಡಿಕೊಂಡ ಹೋಗ್ತಾರಂತ."

ಗೋದಾಮು ಬಹಳ ದೂರವಿರಲಿಲ್ಲ. ರೇವಣಸಿದ್ದ ಲ್ಯಾಪ್‌ಟಾಪ್ ಮಡಿಸುವಷ್ಟರಲ್ಲೇ ಬೀದಿಯ ತಿರುವಿನಲ್ಲಿ ಮೊದಲ ಲಾರಿಯ ಹಾರ್ನ್ ಕೇಳಿಸಿತು.