ಅರ್ಧ ತೋಳಿನ ಅಂಗಿಯಲ್ಲಿ ಸಿಕ್ಕಿಬಿದ್ದ ಹೆಸರು

ಓದಿದವನ ಕೈಗೆ ತಿರುಗಿಸುವ ಹಿಡಿ ಇರುವ ಯಾವ ಯಂತ್ರವನ್ನೂ ಕೊಡಬಾರದು. ಬಿ.ಎ. ಪಾಸಾದ ಗಣಿತದ ಮೇಷ್ಟ್ರಾಗಿಯೇ ಇದನ್ನು ಹೇಳುತ್ತಿದ್ದೇನೆ. ಘಟನೆ ನಡೆದು ಎಂಟು ದಿನವಾಯಿತು. ಈಗಲೂ ಬೋರ್ಡಿನ ಮೇಲೆ ವೃತ್ತ ಬರೆಯಹೊರಟರೆ ಕೈ ನಡುವೆಯೇ ನಿಂತುಬಿಡುತ್ತದೆ. ಮಕ್ಕಳು ಅದನ್ನೇ ಅರ್ಧವೃತ್ತವೆಂದು ಬರೆದುಕೊಳ್ಳುತ್ತಾರೆ.

ಮೂಲ ಕಾರಣ ನನ್ನ ಆಸೆ. ಮಂಗಳೂರಿನ ಸೆಕೆಯಲ್ಲಿ ವಾರವಿಡೀ ಕೋಟಿನೊಳಗೆ ಬೇಯುವವನಿಗೆ ಭಾನುವಾರಕ್ಕಾದರೂ ಅರ್ಧ ತೋಳಿನ, ಮುಂದೆ ಗುಂಡಿಯಿರುವ ಸಡಿಲ ಅಂಗಿ ಬೇಡವೇ? ಯುದ್ಧದ ಕಾಲ. ಬಟ್ಟೆ ಸಿಕ್ಕಿದ್ದೇ ಪುಣ್ಯ. ಹಂಪನಕಟ್ಟೆಯ ದರ್ಜಿ “ಮುಂದಿನ ತಿಂಗಳು ನೋಡುವ” ಎಂದ. ನನಗೆ ರೋಷ ಬಂತು. “ಅಂಗಿ ಅಂದ್ರೆ ಎಂತ? ನಾಲ್ಕು ಆಯತ, ಒಂದು ಕಾಲರು. ಮನೆಯಲ್ಲೇ ಹೊಲಿಯುವ!” ಎಂದು ಹೆಂಡತಿ ಸುಮತಿಗೆ ಘೋಷಿಸಿದೆ. ಹಳೆಯ ಅಂಗಿಯೊಂದರ ಹೊಲಿಗೆ ಬಿಚ್ಚಿ ಬಟ್ಟೆಯ ಮೇಲೆ ಹಾಸಿ, ಅದರ ಅಳತೆಗೆ ಕತ್ತರಿಸಿಯೂ ಬಿಟ್ಟೆವು. ಪಕ್ಕದ ಮನೆಯ ಸೆರೆಫಿನ್ ಬಾಯಿ ತಮ್ಮ ಕೈಮೆಷಿನ್ ಕೊಟ್ಟರು. “ಸೂಜಿ ಒಂದೇ ಉಂಟು ಮಾಸ್ಟ್ರೆ. ಮುರಿದರೆ ಯುದ್ಧ ಮುಗಿಯುವವರೆಗೆ ಬೇರೆ ಸಿಗ್ಲಿಕ್ಕಿಲ್ಲ” ಎಂದವರು, ಸೂಜಿಯ ಕಾವಲಿಗೆ ತಾವೂ ಬಂದು ಕುರ್ಚಿಯಲ್ಲಿ ಕುಳಿತರು.

ಇಲ್ಲಿ ನಮ್ಮ ಮನೆಯ ಒಂದು ಕ್ರಮವನ್ನು ಹೇಳಬೇಕು. ಹೆಂಡತಿ ಗಂಡನ ಹೆಸರೆತ್ತುವಂತಿಲ್ಲ, ಅಮ್ಮನ ಕಟ್ಟಪ್ಪಣೆ. ಆದ್ದರಿಂದ ಸುಮತಿ ನನ್ನನ್ನು ಕರೆಯುವುದು “ಕೇಳಿತಾ?” ಎಂದು. ಅಕ್ಕಿ ಮುಗಿದರೂ ಅದೇ, ಬೆಕ್ಕು ಹಾಲಿಗೆ ಬಾಯಿ ಹಾಕಿದರೂ ಅದೇ, ಒಂದೇ ದನಿ. ಆರು ವರ್ಷಗಳ ಸಂಸಾರದಲ್ಲಿ ಮೊದಲ ಎರಡು ಕರೆಗಳಿಗೆ ಓಗೊಡದಿರುವುದನ್ನು ನಾನು ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದೆ.

ಸುಮತಿ ಬಟ್ಟೆ ನಡೆಸುವುದು, ನಾನು ಹಿಡಿ ತಿರುಗಿಸುವುದು ಎಂದಾಯಿತು. ಬದಿಯ ಹೊಲಿಗೆ ಬಾಣದಂತೆ ನೇರ ಬಂತು! ನಾನು ಉಬ್ಬಿಹೋದೆ. ಎಡತೋಳಿನ ಅಂಚು ಮಡಚುವಾಗ ಬಾಯಿಯವರ ಕಡೆ ತಿರುಗಿ, ಚಕ್ರದ ವೇಗಕ್ಕೂ ಹೊಲಿಗೆಯ ಉದ್ದಕ್ಕೂ ಇರುವ ಸಂಬಂಧವನ್ನು ವಿವರಿಸತೊಡಗಿದೆ. ಕೈ ತನ್ನಷ್ಟಕ್ಕೆ ಗರಗರ ತಿರುಗುತ್ತಿತ್ತು.

“ಕೇಳಿತಾ?”

“ಈಗ ನೋಡಿ ಬಾಯಿ, ಚಕ್ರ ಒಂದು ಸುತ್ತು ಬಂದರೆ...”

“ಕೇಳಿತಾ? ಕೇಳಿತಾ?”

“ಸ್ವಲ್ಪ ತಡಿ ಮಾರಾಯ್ತಿ!”

“ವಾಮನಾ! ನಿಲ್ಲಿಸು!”

ನಿಂತೆ. ನನ್ನ ಕೈ, ಚಕ್ರ, ಬಹುಶಃ ಹೃದಯ, ಎಲ್ಲವೂ ನಿಂತವು. ತಿರುಗಿ ನೋಡುತ್ತೇನೆ: ಸುಮತಿಯ ಉಂಗುರದ ಹರಳು ಬಟ್ಟೆಯ ಅಂಚಿನಲ್ಲಿ ಬಿಚ್ಚಿಕೊಂಡ ಎಳೆಗಳಿಗೆ ಸಿಕ್ಕಿಕೊಂಡಿದೆ. ಬಟ್ಟೆಯೊಂದಿಗೆ ಬೆರಳೂ ಸೂಜಿಯತ್ತ ಸಾಗಿದೆ. ಸೂಜಿಗೂ ಉಗುರಿಗೂ ನಡುವೆ ಒಂದು ಭತ್ತದ ಕಾಳು ಹಿಡಿಸುವಷ್ಟು ಜಾಗ. ಇನ್ನೊಂದೆರಡು ಸುತ್ತು ತಿರುಗಿಸಿದ್ದರೆ, ಆ ಬೆರಳನ್ನು ನಾನೇ ನನ್ನ ಅಂಗಿಗೆ ಹೊಲಿದುಬಿಡುತ್ತಿದ್ದೆ!

“ಸೂಜಿ ಉಂಟಲ್ಲ?” ಎಂದರು ಬಾಯಿ. ಆಮೇಲೆ ನಾಚಿಕೊಂಡು, “ಬೆರಳೂ ಉಂಟಲ್ಲ?” ಎಂದು ಸೇರಿಸಿದರು.

ನಾನು ಕತ್ತರಿಯಿಂದ ಎಳೆ ಬಿಡಿಸುತ್ತಿದ್ದಾಗ ಒಳಗಿನಿಂದ ಅಮ್ಮ ಬಂದರು. “ಯಾರು ವಾಮನನನ್ನು ಕರೆದದ್ದು?”

ಸುಮತಿಯ ಮುಖ ಬೆಳ್ಳಗಾಯಿತು. ಸೂಜಿಯೆದುರು ಕೂಡ ಅವಳು ಅಷ್ಟು ಹೆದರಿರಲಿಲ್ಲ. ಬಾಯಿ ಮೆಷಿನಿನ ಧೂಳು ಒರೆಸತೊಡಗಿದರು.

“ನಾನೇ ಅಮ್ಮ” ಎಂದೆ. “ನನ್ನನ್ನು ನಾನೇ ಕರೆದುಕೊಂಡದ್ದು.”

ಅಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಜಾಸ್ತಿ ಓದಿಸಿದ್ದೇ ತಪ್ಪಾಯ್ತು” ಎಂದು ಒಳಗೆ ಹೋದರು.

ಅಂಗಿ ಮುಗಿದಿದೆ. ಎಡತೋಳಿನ ಹೊಲಿಗೆ ಒಂದು ಕಡೆ ತಟಕ್ಕನೆ ಸೊಟ್ಟಾಗುತ್ತದೆ. ಅದನ್ನು ಬಿಚ್ಚಿ ಸರಿಮಾಡಲು ನಾನು ಬಿಟ್ಟಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಆ ಸೂಜಿ ಕಾಣುತ್ತದೆ, ಬೆವರುತ್ತೇನೆ. ಮರುಕ್ಷಣವೇ ಆ ದನಿಯಲ್ಲಿ ನನ್ನ ಹೆಸರು ಕೇಳಿಸುತ್ತದೆ. ಎಂಥ ಚಂದದ ಹೆಸರು, ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ! ಹಾಗಾಗಿ ನಾನು ಸುಧಾರಿಸಿದ್ದೇನೆಂದು ಹೇಳಲಾರೆ. ಇನ್ನೊಮ್ಮೆ ಕರೆದಾಳೇನೋ ಎಂಬ ಆಸೆಯಿಂದ, ಮೊದಲ ಎರಡು “ಕೇಳಿತಾ?”ಗಳಿಗೆ ಈಗ ಬೇಕೆಂದೇ ಕಿವುಡನಾಗುತ್ತೇನೆ. ಮೂರನೆಯ ಸಲ ಹೆಸರು ಬರುವುದಿಲ್ಲ, ಅಮ್ಮ ಬರುತ್ತಾರೆ.