ಕುಂತಾಗ ಹನ್ನೆರಡೂವರೆ

ನಾನು ಬಿಸಿಲಲ್ಲಿ ಬೆವರುತ್ತ ಗಾಡಿ ತಳ್ಳುವಾಗಲೂ ಸೀಟಿನ ಅಡಿಯ ನೆರಳಲ್ಲಿ ತಣ್ಣಗೆ ಕುಳಿತಿರುವ, ನನ್ನ ಮೋಟರ್‌ಸೈಕಲ್ಲಿನ ಸನ್ಮಾನ್ಯ ಬ್ಯಾಟರಿಯವರ ಸನ್ನಿಧಿಗೆ ಶೇಡಬಾಳದ ಜಯಪಾಲನ ಅನೇಕ ಜೈ ಜಿನೇಂದ್ರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಊರೆಲ್ಲ ಹೇಳುತ್ತದೆ, ನಂಬಲಾಗದವನು ನಾನೊಬ್ಬನೇ. ನಾನು ಅಥಣಿಯ ಬೀಜದ ಅಂಗಡಿಯಲ್ಲಿ ದುಡಿಯುವವನು, ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂಬುದು ತಮಗೆ ತಿಳಿಯದ್ದೇನಲ್ಲ. ಸೂರ್ಯನಿಗಿಂತ ಮೊದಲು ಮನೆ ಮುಟ್ಟಿದರೆ ಹೆಂಡತಿ ದೀಪಾಲಿ ಬಡಿದ ಬಿಸಿ ರೊಟ್ಟಿ, ತಡವಾದರೆ ಮರುದಿನದವರೆಗೆ ಉಪವಾಸ. ಬೆಳಿಗ್ಗೆ ನಮ್ಮ ಓಣಿಯ ಇಳಿಜಾರು ಗಾಡಿಯನ್ನು ಉರುಳಿಸಿ ಚಾಲೂ ಮಾಡಿ ತಮ್ಮ ಮಾನ ಕಾಯುತ್ತದೆ. ಸಂಜೆ ಅಥಣಿಯ ಸಪಾಟ ರಸ್ತೆಯಲ್ಲಿ ನಾನು ಸ್ವಿಚ್ ಒತ್ತಿದರೆ ತಾವು ‘ಟಕ್’ ಎಂದು ಒಮ್ಮೆ ಗಂಟಲು ಸರಿಮಾಡಿಕೊಂಡು ಮೌನವ್ರತ ಹಿಡಿಯುತ್ತೀರಿ. ಕಿಕ್ ಇಲ್ಲದ ಗಾಡಿ ಕೊಂಡ ಶೋಕಿ ನನ್ನದೇ, ಒಪ್ಪಿದೆ. ಆದರೆ ತಳ್ಳುವವರನ್ನು ಕೂಡಿಸುವಷ್ಟರಲ್ಲಿ ನನ್ನ ರೊಟ್ಟಿಯ ಹೊತ್ತು ಮೀರಿರುತ್ತದೆ.

ತಮ್ಮ ತಪಾಸಣೆಯಲ್ಲಿ ನಾನೇನೂ ಕಡಿಮೆ ಮಾಡಿಲ್ಲ. ಹಾರ್ನ್ ಜೋರಾಗಿ ಕೂಗಿದರೆ ಬ್ಯಾಟರಿ ಗಟ್ಟಿ ಎಂಬ ನಮ್ಮ ಕಡೆಯ ಶಾಸ್ತ್ರದಂತೆ ಹಾರ್ನ್ ಒತ್ತಿದೆ. ತಾವು ಓಣಿಯ ನಾಯಿಗಳೆಲ್ಲ ಓಡುವಂತೆ ಅಬ್ಬರಿಸಿದಿರಿ. ಲೈಟ್ ಹಾಕಿದೆ, ಎದುರುಮನೆಯ ಗೋಡೆ ಬೆಳಗಿದಿರಿ. ವೈರು ಕೂಡುವ ತುದಿಗೆ ಕಟ್ಟಿದ ಪಾಚಿಬಣ್ಣದ ಪುಡಿಯನ್ನು ಬಿಸಿನೀರಲ್ಲಿ ತೊಳೆದು, ವೈರು ಬಿಗಿದು, ತಮ್ಮನ್ನು ಅಳಿಯನಂತೆ ಉಪಚರಿಸಿದೆ. ಕೊನೆಗೆ ಗ್ಯಾರೇಜಿನ ಭರಮು ಮೀಟರ್ ಹಚ್ಚಿದಾಗ ತಾವು ಹನ್ನೆರಡೂವರೆ ವೋಲ್ಟ್ ತೋರಿಸಿ ನನ್ನನ್ನೇ ಸುಳ್ಳುಗಾರನನ್ನಾಗಿ ಮಾಡಿದಿರಿ. ಆದರೆ ಸ್ವಿಚ್ ಒತ್ತಿದ ಕೂಡಲೇ ಎಂಟಕ್ಕೆ ಕುಸಿದಿರಿ. “ಕುಂತಾಗ ಹನ್ನೆರಡೂವರೆ, ದುಡಿ ಅಂದ್ರ ಎಂಟು. ಇದನ್ನ ಕುಂತಾಗ ನೋಡಬಾರದ್ರಿ ಅಣ್ಣಾರ,” ಎಂದ ಭರಮು. ಕಟ್ಟೆಯ ಮೇಲೆ ಕೂತು ದೇಶ ನಡೆಸುವ ನನ್ನ ಕಾಕಾನ ನೆನಪಾಗಿ, ತಮ್ಮ ಮೇಲೆ ಸಿಟ್ಟೂ ಬರಲಿಲ್ಲ.

ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಹೊಟ್ಟೆ ಹಸಿದು ಸುಮ್ಮನೆ ಮಲಗುತ್ತಿದ್ದ ನನ್ನನ್ನು ಕಂಡು ನಮ್ಮವ್ವ ಕಾಶಿಬಾಯಿ ಬಸದಿಯಲ್ಲಿ, “ನಮ್ಮ ಜಯಪಾಲ ಉಪಾಸದ ವ್ರತಾ ಹಿಡದಾನ. ಒಬ್ಬರಿಗೂ ಬಾಯಿಬಿಟ್ಟು ಹೇಳಾಂಗಿಲ್ಲ ನೋಡ್ರಿ!” ಎಂದು ಸಾರಿಬಿಟ್ಟಳು. ಸಣ್ಣವನಿದ್ದಾಗ ಬಸದಿಯಲ್ಲಿ ತೂಕಡಿಸುತ್ತಿದ್ದ ಮಗ ಸುಧಾರಿಸಿದನೆಂದು ಅವಳ ಮುಖಕ್ಕೆ ಬಂದ ಕಳೆ ನೋಡಿ, ಇದು ವ್ರತವಲ್ಲ ಬ್ಯಾಟರಿ ಎನ್ನಲು ನನಗೆ ಬಾಯಿ ಬರಲಿಲ್ಲ. ತಾವು ನನ್ನನ್ನು ಕಳ್ಳ ಪುಣ್ಯವಂತನನ್ನಾಗಿ ಮಾಡಿದ್ದೀರಿ, ಇದು ನನಗೆ ನಿಜವಾಗಿ ಚುಚ್ಚುತ್ತದೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಇನ್ನು ಮುಂದೆ ದಯಮಾಡಿ ಊಟದ ನಂತರವೇ ಕೆಡಬೇಕು. ಅದು ಆಗದಿದ್ದರೆ, ಬೆಳಕಿನ ಬಾಬತ್ತಿನಲ್ಲಿ ತಮಗೂ ಸೂರ್ಯನಿಗೂ ಏನಾದರೂ ಬಳಗವಿದ್ದೀತು, ಅವನಿಗೆ ಅರ್ಧ ತಾಸು ತಡೆದು ಮುಳುಗಲು ಹೇಳಬೇಕು. ಎರಡೂ ಆಗದಿದ್ದರೆ ನನ್ನ ಪಾಲಿನ ಪುಣ್ಯವನ್ನೆಲ್ಲ ತಾವೇ ಇಟ್ಟುಕೊಂಡು, ರೊಟ್ಟಿಯನ್ನಷ್ಟೇ ನನಗೆ ಬಿಟ್ಟುಕೊಡಬೇಕು.

ತಮ್ಮನ್ನು ನಂಬಿ ಸೊರಗಿರುವ,
ತಮ್ಮ ವಿಶ್ವಾಸಿ,
ಜಯಪಾಲ

ತಾ.ಕ.: ಉತ್ತರ ಬಾರದ್ದರಿಂದ ನಿನ್ನೆ ತಮ್ಮ ಜಾಗಕ್ಕೆ ಹೊಸಬರನ್ನು ಕೂಡಿಸಿದೆ. ಒಂದೇ ಒತ್ತಿಗೆ ಗಾಡಿ ಎದ್ದು, ಸೂರ್ಯ ಇನ್ನೂ ಕಬ್ಬಿನ ಮೇಲಿರುವಾಗಲೇ ಮನೆ ಮುಟ್ಟಿದೆ. ಬಾಗಿಲಲ್ಲಿ ಅವ್ವ ಬಸದಿಯ ಹೆಣ್ಣುಮಕ್ಕಳನ್ನೆಲ್ಲ ಕರೆತಂದು, ವ್ರತ ಹಿಡಿದ ಮಗನಿಗೆ ಆರತಿ ಮಾಡಲು ನಿಂತಿದ್ದಳು. ವ್ರತದವನಿಗೆ ರೊಟ್ಟಿ ಯಾಕೆಂದು ಒಳಗೆ ದೀಪಾಲಿ ಒಲೆ ಆರಿಸಿ ಪಾತ್ರೆ ತೊಳೆದಿಟ್ಟಿದ್ದಳು. ಹೊಸ ಬ್ಯಾಟರಿ ಬಲು ಗಟ್ಟಿ ಇದೆ, ನಾನು ನಿನ್ನೆಯೂ ಉಪವಾಸ ಮಲಗಿದೆ.