ಕಾಲರಿನೊಳಗಿನ ಗೊರಕೆ

ನನ್ನ ಮಗ ಗೊರಕೆ ಹೊಡೆಯುತ್ತಾನೆ ಅಂದರೆ ಮಾತು ಕಡಿಮೆಯಾಯಿತು. ಅವನು ಮಲಗಿದ ಕೋಣೆಯಲ್ಲಿ ಯಾರೋ ದಪ್ಪ ಮರ ಕೊಯ್ಯುತ್ತಿರುತ್ತಾರೆ, ಮರ ಮುಗಿಯುವುದೇ ಇಲ್ಲ. ಗೋಡೆಯ ಈಚೆ ನನ್ನ ಹೊಲಿಗೆ ಡಬ್ಬಿಯೊಳಗೆ ಬಾಬಿನ್ನುಗಳು ತಾಳ ಹಾಕುತ್ತವೆ. ಎದುರುಮನೆಯವರು ಒಂದು ಭಾನುವಾರ ಮಧ್ಯಾಹ್ನ ಬಂದು, "ನಿಮ್ಮ ನೀರಿನ ಪಂಪು ಕೆಟ್ಟಿರಬೇಕು, ನೋಡಿಸಿ" ಎಂದು ಹೇಳಿ ಹೋದರು. ಸೊಸೆ "ನೋಡಿಸ್ತೀವಿ" ಅಂದಳು. ಪಂಪು ಆಗ ಸೋಫಾದ ಮೇಲೆ ಬಾಯಿ ತೆರೆದುಕೊಂಡು ಮಲಗಿತ್ತು.

ಶಬ್ದಕ್ಕೆ ಹೆದರುವವಳು ನಾನಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ನನಗೆ ಹೆದರಿಕೆಯಾಗುವುದು ಆ ಶಬ್ದ ನಿಂತಾಗ. ನಡುನಡುವೆ ಅವನ ಉಸಿರೇ ಕಟ್ಟಿಹೋಗುತ್ತದೆ. ನಾನು ಎಣಿಸುತ್ತೇನೆ. ಹತ್ತು, ಹನ್ನೆರಡು. ಒಂದು ಸಲ ಹತ್ತೊಂಬತ್ತಕ್ಕೆ ಹೋಗಿತ್ತು. ಆಮೇಲೆ ಗೊರ್ ಎಂದು ಬೆಚ್ಚಿ, ಮತ್ತೆ ಮರ ಕೊಯ್ಯಲು ಶುರು. ಅವನ ಅಪ್ಪ ನಿದ್ದೆಯಲ್ಲೇ ಹೋದವರು. (ಅವರೂ ಕೊಯ್ಯುತ್ತಿದ್ದರು. ಆಹಾ, ಎಂಥ ಸುಖನಿದ್ದೆ ಅಂತ ಆಗ ನಾವೆಲ್ಲ ಅಂದುಕೊಳ್ಳುತ್ತಿದ್ದೆವು.)

ಮೊದಲ ಚಿಕಿತ್ಸೆ ನನ್ನದೇ. ಅಂಗಾತ ಮಲಗಿದರೆ ಗೊರಕೆ ಜಾಸ್ತಿ ಅಂತ ಯಾರೋ ಹೇಳಿದರು. ಅವನ ರಾತ್ರಿ ಅಂಗಿಯ ಬೆನ್ನಿಗೆ, ಎರಡು ಭುಜದ ಮೂಳೆಗಳ ನಟ್ಟನಡುವೆ, ಅಳೆದು ಒಂದು ಜೇಬು ಹೊಲಿದೆ. ಅದರೊಳಗೆ ಒಂದು ರಬ್ಬರು ಚೆಂಡು. ಅಂಗಾತ ತಿರುಗಿದರೆ ಚುಚ್ಚಬೇಕು, ಮಗ್ಗುಲಿಗೆ ಹೊರಳಬೇಕು, ಅದು ನನ್ನ ಲೆಕ್ಕ. ಬೆಳಗ್ಗೆ ಎದ್ದವನು ಮೈ ಮುರಿದು, "ಅಮ್ಮ, ಎಷ್ಟು ವರ್ಷದ ಬೆನ್ನುನೋವು ಹೋಯ್ತು ನೋಡು! ರಾತ್ರಿಯೆಲ್ಲ ಅದರ ಮೇಲೇ ಮಲಗಿದ್ದೆ" ಅಂದ. ಸೊಸೆ ಹಾಸಿಗೆ ಸುತ್ತಿಕೊಂಡು ನನ್ನ ಕೋಣೆಗೆ ಬಂದಳು.

ಇಷ್ಟರಲ್ಲೇ ಇದ್ದಿದ್ದರೆ ಮನೆಯ ಮಾತು ಮನೆಯಲ್ಲೇ ಇರುತ್ತಿತ್ತು. ಆದರೆ ನನ್ನ ಮಗ ಕಾರು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ರಾತ್ರಿ ಸರಿಯಾಗಿ ಉಸಿರಾಡದವನಿಗೆ ಹಗಲು ಕಣ್ಣು ಎಳೆಯುತ್ತದೆ. ಮೊನ್ನೆ ಔಷಧಿ ಅಂಗಡಿ ಯಜಮಾನರಿಗೆ ಪಾಠ. ತುಂಬಾ ವಿಧೇಯ ಶಿಷ್ಯ. ಇವನು ಪಕ್ಕದಲ್ಲಿ ಕೂತು "ನೇರ ಹೋಗಿ" ಅಂದವನೇ ನಿದ್ದೆಗೆ ಜಾರಿದ. ಅವರು ನೇರ ಹೋದರು. ಗಂಟೆಗೆ ಇಪ್ಪತ್ತು ಕಿಲೋಮೀಟರು ಮೀರದಂತೆ ಒಂದೂವರೆ ಗಂಟೆ ನೇರ ಹೋಗಿ, ಮೂವತ್ತು ಕಿಲೋಮೀಟರು ಆಚೆ ರೈಲ್ವೆ ಗೇಟು ಅಡ್ಡ ಬಂದಾಗ ನಿಲ್ಲಿಸಿದರು. ರೈಲಿನ ಸೀಟಿಗೆ ಮೇಷ್ಟ್ರಿಗೆ ಎಚ್ಚರವಾಯಿತು.

"ತಿರುಗಿಸಿ ಅಂತ ನೀವು ಹೇಳಲೇ ಇಲ್ಲವಲ್ಲ ಸಾರ್" ಅಂದರಂತೆ ಶಿಷ್ಯರು.

ಶಾಲೆಯ ಮಾಲೀಕರು ಫೋನು ಮಾಡಿದರು. "ಒಂದು ತಿಂಗಳು ಕೊಡ್ತೀನಿ. ಡಾಕ್ಟರ ಪತ್ರ ತಂದರೆ ಕಾರು, ಇಲ್ಲದಿದ್ದರೆ ಮನೆ."

ಇಲ್ಲಿ ನಿಮಗೆ ಮಾತ್ರ ಒಂದು ವಿಷಯ ಹೇಳಬೇಕು. ಮಗನ ಅಂಗಿಗಳನ್ನೆಲ್ಲ ಹೊಲಿಯುವುದು ನಾನು. ಮದುವೆಯ ದಿನ ಅವನ ಕುತ್ತಿಗೆ ಹದಿನೈದು ಇಂಚು. ಎರಡು ವರ್ಷದ ಮೇಲೆ ಹದಿನೈದೂವರೆ ಅಂತ ನಾನು ಇದ್ದದ್ದು ಇದ್ದ ಹಾಗೆ ಹೇಳಿದ್ದಕ್ಕೆ, ಮಹಾರಾಯ ಎರಡು ದಿನ ಊಟ ಬಿಟ್ಟು ಕನ್ನಡಿಯ ಮುಂದೆ ಗಲ್ಲ ಎತ್ತಿಕೊಂಡು ನಿಂತ. ಹೆತ್ತ ಕರುಳು, ಏನು ಮಾಡಲಿ? ಅಂದಿನಿಂದ ಬಟ್ಟೆ ಕತ್ತರಿಸುವುದು ನಿಜವಾದ ಅಳತೆಗೆ, ಕಾಲರಿನೊಳಗೆ ಹೊಲಿಯುವ ಚೀಟಿ ಮಾತ್ರ ಹದಿನೈದು. ಮದುವೆಯಾಗಿ ಹನ್ನೊಂದು ವರ್ಷ. ಕುತ್ತಿಗೆ ವರ್ಷಕ್ಕೆ ಕಾಲಿಂಚು ತಪ್ಪದೆ ಬೆಳೆಯಿತು, ಚೀಟಿ ಬೆಳೆಯಲಿಲ್ಲ. ಅವನೋ ಹೋದಲ್ಲೆಲ್ಲ ಕಾಲರು ಮಗುಚಿ ತೋರಿಸಿ, "ಮದುವೆಯಲ್ಲಿದ್ದ ಅಳತೇನೇ ಈಗಲೂ!" ಎಂದು ಮೆರೆಯುತ್ತಿದ್ದ.

ಡಾಕ್ಟರ ಹತ್ತಿರ ಮೂವರೂ ಹೋದೆವು. ಹೊರಗೆ ಇಪ್ಪತ್ತು ಜನ ಕಾದಿದ್ದರು, ಡಾಕ್ಟರಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಪ್ರಶ್ನೆ ಕೇಳುತ್ತ ಬರೆಯುತ್ತಿದ್ದರು.

"ಕೂತು ಓದುವಾಗ ನಿದ್ದೆ ಬರುತ್ತಾ?"

"ಓದೋದೇ ಇಲ್ಲ ಡಾಕ್ಟ್ರೇ."

"ಟೀವಿ ನೋಡುವಾಗ?"

"ಇಲ್ಲಪ್ಪ."

"ಇವರು ಟೀವಿ ನೋಡಲ್ಲ ಡಾಕ್ಟ್ರೇ, ಟೀವಿ ಇವರನ್ನ ನೋಡುತ್ತೆ" ಅಂದಳು ಸೊಸೆ.

"ಕಾರಿನಲ್ಲಿ ಕೂತಾಗ?"

ಮೂವರೂ ಮೇಲಿನ ಫ್ಯಾನು ನೋಡಿದೆವು.

"ಕಾಲರ್ ಅಳತೆ ಎಷ್ಟು?"

"ಹದಿನೈದು!" ಮಗ ಎದೆಯುಬ್ಬಿಸಿ, ಕಾಲರು ಮಗುಚಿ ಚೀಟಿ ತೋರಿಸಿದ.

"ಹದಿನೈದಾದರೆ ಅಷ್ಟು ಭಯ ಇಲ್ಲ. ಹದಿನೇಳು ದಾಟಿದ್ದರೆ ನಿದ್ದೆಯ ಪರೀಕ್ಷೆ ಮಾಡಿಸಬೇಕಿತ್ತು. ಮೂಗಿಗೆ ಹನಿ ಬರೀತೀನಿ. ಕೆಲಸಕ್ಕೆ ಪತ್ರಾನೂ ಕೊಡ್ತೀನಿ."

ಮಗನ ಮುಖ ಅರಳಿತು. ಸೊಸೆ ಚೀಲ ಎತ್ತಿಕೊಂಡಳು. ಡಾಕ್ಟರ ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತರೆ ಕೆಲಸವೂ ಉಳಿಯುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಆದರೆ ತಲೆಯೊಳಗೆ ಎಣಿಕೆ ಶುರುವಾಗಿಬಿಟ್ಟಿತ್ತು. ಹದಿನೇಳು, ಹದಿನೆಂಟು, ಹತ್ತೊಂಬತ್ತು.

"ಡಾಕ್ಟ್ರೇ, ಹದಿನೇಳು ಮುಕ್ಕಾಲು" ಅಂದೆ.

"ಏನು ಹದಿನೇಳು ಮುಕ್ಕಾಲು?"

"ಇವನ ಕುತ್ತಿಗೆ."

"ಅಮ್ಮಾ! ಚೀಟಿ ಇದೆಯಲ್ಲ!"

"ಚೀಟಿ ಹೊಲಿದವಳು ನಾನೇ ಕಣೋ."

ಡಾಕ್ಟರು ಮೊದಲ ಸಲ ತಲೆ ಎತ್ತಿದರು. ಮೇಜಿನ ಖಾನೆಯಿಂದ ಟೇಪು ತೆಗೆದು ಅಳೆದರು. "ಹದಿನೇಳೂವರೆ."

ನಾನು ಸುಮ್ಮನಿರಬಹುದಿತ್ತು. ಆಗಲಿಲ್ಲ. "ಬಿಗಿಯಾಗಿ ಹಿಡಿದಿದ್ದೀರಿ ಡಾಕ್ಟ್ರೇ. ಉಗುಳು ನುಂಗೋಕೆ ಜಾಗ ಬೇಡವಾ? ಒಂದು ಬೆರಳು ಒಳಗಿಡಿ."

ಬೆರಳು ಇಟ್ಟರು. ಹದಿನೇಳು ಮುಕ್ಕಾಲು. (ಅಂಥ ಹೊತ್ತಿನಲ್ಲೂ ನನಗೆ ಒಳಗೊಳಗೇ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.)

ದಾರಿಯುದ್ದಕ್ಕೂ ಮಗ ಎರಡೂ ಕೈಯಲ್ಲಿ ತನ್ನ ಕುತ್ತಿಗೆ ಹಿಡಿದುಕೊಂಡೇ ನಡೆದ, ಯಾರದೋ ಕುತ್ತಿಗೆ ತನ್ನ ಮೈಮೇಲೆ ಸಿಕ್ಕಿದ ಹಾಗೆ. ಮಾತಾಡಿದವಳು ಸೊಸೆ.

"ಒಂಬತ್ತು ವರ್ಷ ಅತ್ತೆ! ನನಗಾದರೂ ಹೇಳಬಾರದಿತ್ತಾ?"

"ನಿನಗೆ ಹೇಳಿದ್ದರೆ ನೀನು ಅವನಿಗೆ ಹೇಳಿಬಿಡ್ತಿದ್ದೆ."

"ಹೇಳಬೇಕಾದ್ದೇ! ಬೇಜಾರಾಗುತ್ತೆ ಅಂತ ಸುಳ್ಳು ಹೇಳಿ ಇಟ್ಟುಕೊಳ್ಳೋದು ಪ್ರೀತೀನಾ?"

ಆ ಮೇಲೆ ಎಂಟು ದಿನ ಅವಳು ನನ್ನ ಜೊತೆ "ಊಟ", "ಬಟ್ಟೆ ಒಣಗಿದೆ" ಇಷ್ಟೇ ಮಾತಾಡಿದ್ದು. ನಾನೂ ತಪ್ಪಿತಸ್ಥೆಯ ಹಾಗೆ ಮೂಲೆ ಹಿಡಿದು ಕೂತೆ.

ಪರೀಕ್ಷೆಯ ದಿನ ಮಗನ ಮೈಗೆಲ್ಲ ವೈರು ಅಂಟಿಸಿ ಮಲಗಿಸಿದರು. ಗಂಟೆಗೆ ಮೂವತ್ತನಾಲ್ಕು ಸಲ ಉಸಿರು ಕಟ್ಟುತ್ತದೆ ಅಂತ ಬಂತು. ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಮುಚ್ಚಿಕೊಳ್ಳುತ್ತದಂತೆ, ಸುತ್ತ ಸೇರಿದ ಕೊಬ್ಬು ಅದನ್ನು ಅದುಮುತ್ತದಂತೆ. ತೂಕ ಇಳಿಸಿ ಅಂದರು. ಗಾಳಿ ಊದುವ ಒಂದು ಪುಟ್ಟ ಯಂತ್ರ, ಮೂಗಿಗೆ ಹಾಕಿಕೊಳ್ಳುವ ಮಾಸ್ಕು ಕೊಟ್ಟರು. ಒಂದು ವಾರ ಹಾಕಿಕೊಂಡು ಮಲಗಬೇಕು, ಹಾಕಿದ್ದು ಬಿಟ್ಟಿದ್ದು ಯಂತ್ರವೇ ಬರೆದುಕೊಳ್ಳುತ್ತದೆ, ಅದನ್ನು ನೋಡಿ ಪತ್ರ.

ಮಗ ಡಬ್ಬಿ ಬಿಚ್ಚಿ, ಮಾಸ್ಕಿನ ಪಟ್ಟಿ ನೋಡಿ, ಡಬ್ಬಿ ಮುಚ್ಚಿಬಿಟ್ಟ. ಪಟ್ಟಿಯ ಮೇಲೆ 'ಲಾರ್ಜ್' ಎಂದಿತ್ತು.

"ನಾನು ಮೀಡಿಯಂ. ಮೀಡಿಯಂ ತಂದುಕೊಡಿ, ಹಾಕ್ಕೋತೀನಿ."

"ಮೀಡಿಯಂ ನಿಮ್ಮ ಮುಖಕ್ಕೆ ಕೂರಲ್ಲ ಅಂತ ಅವರೇ ಹೇಳಿದ್ದಾರೆ!"

"ಕುತ್ತಿಗೆ ಹೋಯ್ತು. ಮುಖಾನೂ ಹೋಗಬೇಕಾ?"

ಮೂರು ದಿನ ಡಬ್ಬಿ ಕಪಾಟಿನ ಮೇಲೆ ಕೂತಿತ್ತು. ಮಾಲೀಕರು ಕೊಟ್ಟ ತಿಂಗಳಲ್ಲಿ ಉಳಿದದ್ದು ಒಂಬತ್ತು ದಿನ. ನಾಲ್ಕನೆಯ ದಿನ ಮಧ್ಯಾಹ್ನ ಸೊಸೆ ನನ್ನ ಯಂತ್ರದ ಪಕ್ಕ ಬಂದು ನಿಂತಳು. ಮಾಸ್ಕು ಸೆರಗಿನಡಿ ಇತ್ತು.

"ಅತ್ತೆ... ಒಂದು ಚೀಟಿ..."

"ಯಾಕಮ್ಮ? ಪ್ರೀತಿ ಅಲ್ಲ ಅಂದಿದ್ದೆ?"

"ಇದೊಂದು ಸಲ ಅತ್ತೆ. ನೀವು ಬೇಕಾದ್ದು ಅನ್ನಿ. ಮೊದಲು ಹೊಲೀರಿ."

ನನಗೆ ಎಷ್ಟು ಸಂತೋಷವಾಯಿತು ಅಂದರೆ ಅವಳನ್ನು ಅನ್ನುವುದೇ ಮರೆತೆ. ಅವನ ಹಳೆಯ ಬನಿಯನ್ನಿನಿಂದ 'ಮೀಡಿಯಂ' ಚೀಟಿ ಬಿಚ್ಚಿ, 'ಲಾರ್ಜ್' ಮೇಲೆ ಕೂರಿಸಿ, ಕೈಯಲ್ಲೇ ಎಂಟು ಹೊಲಿಗೆ ಹಾಕಿದೆ. ಬೆರಳುಗುರಿನಷ್ಟು ಅಗಲದ ಚೀಟಿ. ನಲವತ್ತು ವರ್ಷದ ಕೈ. ಕಂಪನಿಯವರಪ್ಪನೂ ಕಂಡುಹಿಡಿಯಬಾರದು ಅಂತ ಬೀಗಿದೆ.

ಸಂಜೆ ಮಗ ಬಂದ. "ಬದಲಾಯಿಸಿ ಕೊಟ್ಟರು ನೋಡಿ" ಎಂದು ಸೊಸೆ ಮಾಸ್ಕು ಕೈಗಿಟ್ಟಳು. ಅವನು ಪಟ್ಟಿ ತಿರುಗಿಸಿ ನೋಡಿದ. ಹದಿನೈದು ದಿನದಿಂದ ನಗದವನು ಗಹಗಹಿಸಿ ನಕ್ಕ.

"ಅಮ್ಮ, ಇದು ನಿನ್ನ ಕೈ!"

"ಕಂಪನಿಯವರದ್ದೇ ರೀ" ಅಂದಳು ಸೊಸೆ.

"ಕಂಪನಿಯವರು ಇಷ್ಟು ಸೊಟ್ಟ ಹೊಲೀತಾರಾ? ಔಷಧಿ ಅಂಗಡಿ ಯಜಮಾನರು ಕಾರು ನಿಲ್ಲಿಸಿದ ಹಾಗಿದೆ!"

"ಸೊಟ್ಟಾನಾ?" ಅಂದೆ ನಾನು.

"ಎರಡು ವರ್ಷದಿಂದ ನನ್ನ ಅಂಗೀಲೂ ಹೀಗೇ ಅಲ್ವಾ ಅಮ್ಮ. ನಂದು ಬಿಡು, ಹಾಕ್ಕೊಂಡು ಹೋಗ್ತೀನಿ. ಗಿರಾಕಿಗಳದ್ದಾದರೆ ಇವಳು..."

ಸೊಸೆ ಅವನ ಕಾಲು ತುಳಿದಳು. ತಡವಾಗಿತ್ತು.

ದಿನಾ ಸಂಜೆ ನಾನು ಉದ್ಯಾನಕ್ಕೆ ನಡೆಯಲು ಹೋದ ಮೇಲೆ, ನಾನು ಮುಗಿಸಿಟ್ಟ ಬಟ್ಟೆಗಳನ್ನೆಲ್ಲ ಅವಳು ಬಿಚ್ಚಿ ಮತ್ತೆ ಹೊಲಿದಿಡುತ್ತಿದ್ದಳಂತೆ. ಶಾಲೆಯ ಸಮವಸ್ತ್ರ, ಪ್ಯಾಂಟಿನ ಅಂಚು, ದಿಂಬಿನ ಚೀಲ, ಎಲ್ಲ. ಎರಡು ವರ್ಷ. ಗಿರಾಕಿಗಳು "ನಿಮ್ಮ ಕೈ ಇನ್ನೂ ಹಾಗೇ ಇದೆ ನೋಡಿ" ಅಂದಾಗಲೆಲ್ಲ ನಾನು, "ಕಣ್ಣು ಅಳತೆ ತಪ್ಪಬಾರದು ನೋಡಿ" ಎಂದು ಉಪದೇಶ ಮಾಡಿ ಕಳಿಸಿದ್ದೆ.

"ನನಗೊಂದು ಮಾತು ಹೇಳಬಾರದಿತ್ತೇನೆ?" ಅಂದೆ.

ಅವಳು ಕಾಲುಂಗುಟ ನೋಡುತ್ತ, "ನೀವು ಬೇಜಾರು ಮಾಡ್ಕೋತೀರಿ ಅಂತ ಅತ್ತೆ" ಅಂದಳು.

ಮಗನಿಗೆ ಎಲ್ಲಿಲ್ಲದ ಉತ್ಸಾಹ ಬಂದುಬಿಟ್ಟಿತು. ಮನೆಯಲ್ಲಿ ಸಿಕ್ಕಿಬಿದ್ದವರು ತಾನೊಬ್ಬನೇ ಅಲ್ಲವಲ್ಲ! "ಕೊಡಿ ಇಲ್ಲಿ, ಲಾರ್ಜಾದರೆ ಲಾರ್ಜು" ಎಂದು ಅವನೇ ಚೀಟಿ ಕಿತ್ತು ಬಿಸಾಡಿ, ಮಾಸ್ಕು ಕಟ್ಟಿಕೊಂಡು ಮಲಗಿದ. ನಾನು ಬಾಗಿಲ ಹತ್ತಿರ ನಿಂತು ಎಣಿಸಲು ಹೋದೆ. ಒಂದು ಅನ್ನುವಷ್ಟರಲ್ಲಿ ಮುಂದಿನ ಉಸಿರು ಬರುತ್ತಿತ್ತು. ಎಣಿಸುವುದಕ್ಕೇ ಏನೂ ಇರಲಿಲ್ಲ. ವಾರ ಕಳೆದು ಪತ್ರವೂ ಸಿಕ್ಕಿತು, ಕಾರೂ ಸಿಕ್ಕಿತು.

ಪತ್ರ ಬಂದ ದಿನ ನಾನು ಒಂದು ಪ್ಯಾಂಟಿನ ಅಂಚು ಮುಗಿಸಿ, ದೀಪದಡಿ ಹಿಡಿದು, ಮೂಗಿಗೆ ತಾಗಿಸಿ ನೋಡಿದೆ. ನನ್ನ ಕಣ್ಣಿಗೆ ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಸೊಸೆಯನ್ನು ಕರೆದೆ.

"ಅಳೆದು ಹೇಳು. ಎಷ್ಟು ಸೊಟ್ಟ? ನಿಜ ಹೇಳಬೇಕು."

ಅವಳು ಟೇಪು ಹಿಡಿದಳು. ಆ ತುದಿ ನೋಡಿದಳು, ಈ ತುದಿ ನೋಡಿದಳು, ನನ್ನ ಮುಖ ನೋಡಿದಳು.

"ಕಾಲಿಂಚು ಅಷ್ಟೇ ಅತ್ತೆ" ಅಂದಳು. ಟೇಪನ್ನು ಮಾತ್ರ ನನ್ನ ಕೈಗೆ ಕೊಡದೆ, ಸುತ್ತಿಕೊಂಡು ಒಳಗೆ ಹೋದಳು.